49 ರೂಪಾಯಿ ಕಡಿಮೆ ಬಿದ್ದಿದ್ದಕ್ಕೆ 1,180 ರೂಪಾಯಿ ದಂಡ: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೊಂದು ಬಹಿರಂಗ ಪತ್ರ

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಶ್ರೀ ಸಂಜಯ್ ಮಲ್ಹೋತ್ರಾ ಅವರಿಗೆ,

ನಮಸ್ಕಾರಗಳು.

2025ರ ಆಗಸ್ಟ್ ತಿಂಗಳಲ್ಲಿ ದೊಡ್ಡ ಖಾಸಗಿ ಬ್ಯಾಂಕೊಂದು ಮಹಾನಗರಗಳ ಹೊಸ ಉಳಿತಾಯ ಖಾತೆಗಳಿಗೆ ಮಿನಿಮಮ್ ಬ್ಯಾಲೆನ್ಸ್ 50,000 ರೂಪಾಯಿ ಎಂದು ಗೊತ್ತು ಮಾಡಿದಾಗ ದೇಶದ ತುಂಬ ಗುಲ್ಲೆದ್ದಿತು. ಗುಜರಾತಿನ ಕಾರ್ಯಕ್ರಮವೊಂದರಲ್ಲಿ ಪತ್ರಕರ್ತರು ಕೇಳಿದಾಗ ತಾವು, ಅದು ಆಯಾ ಬ್ಯಾಂಕಿಗೆ ಬಿಟ್ಟ ವಿಚಾರ, ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಬರುವುದಲ್ಲ ಎಂದಿರಿ. ಕೆಲವೇ ದಿನಗಳಲ್ಲಿ ಆ ಬ್ಯಾಂಕು ತಾನಾಗಿಯೇ 15,000ಕ್ಕೆ ಇಳಿಸಿತು, ಗುಲ್ಲೂ ಅಡಗಿತು. 50,000 ಇಡಲಾಗದವರು ಬೇರೆ ಬ್ಯಾಂಕಿಗೆ ಹೋಗಬಹುದಿತ್ತು, ಹಾಗಾಗಿ ಅದರ ಬಗ್ಗೆ ನಾನು ಹೆಚ್ಚೇನೂ ಹೇಳುವುದಿಲ್ಲ. ನಾನು ಬರೆಯುತ್ತಿರುವುದು ಬ್ಯಾಂಕು ಬದಲಾಯಿಸಿದರೂ ಬೆನ್ನು ಬಿಡದ ಇನ್ನೊಂದು ಚಾರ್ಜಿನ ಬಗ್ಗೆ. ಸಾಲದ ಕಂತು ಕಟ್ ಆಗುವ ದಿನ ಖಾತೆಯಲ್ಲಿ ಸಾಕಷ್ಟು ದುಡ್ಡು ಇಲ್ಲದಿದ್ದರೆ ನಮ್ಮ ಬ್ಯಾಂಕು ಹಾಕುವ ಬೌನ್ಸ್ ಚಾರ್ಜು.

ನಾನು ಬ್ಯಾಂಕಿನಲ್ಲೇ ದುಡಿದು ನಿವೃತ್ತನಾದವನು. ಈಗ ಊರಿನ ಲೈಬ್ರರಿಯಲ್ಲಿ ಸಂಜೆ ಹೊತ್ತು ಕೂತಿರುತ್ತೇನೆ. ಪಾಸ್‌ಬುಕ್ ಹಿಡಿದು ಬರುವವರಿಗೆ ಅದರಲ್ಲಿ ಏನಿದೆ ಎಂದು ಓದಿ ಹೇಳುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಬ್ಯಾಂಕಿನ ಅರ್ಜಿ, ಕರಪತ್ರಗಳೆಲ್ಲ ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ತಾವೇ ಹೇಳಿದ್ದೀರಿ. ಆದರೆ ದುಡ್ಡು ಹೋದ ಸಾಲು ಮಾತ್ರ ಪಾಸ್‌ಬುಕ್ಕಿನಲ್ಲಿ ಅರ್ಧರ್ಧ ಇಂಗ್ಲಿಷ್ ಅಕ್ಷರಗಳ ಒಗಟಾಗಿಯೇ ಬೀಳುತ್ತದೆ.

ಒಂದು ಪಾಸ್‌ಬುಕ್ಕಿನ ಪುಟವನ್ನು ತಮ್ಮ ಮುಂದೆ ಇಡುತ್ತೇನೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳದು. ಗಂಡನ ಸ್ಕೂಟರಿನ ಸಾಲ ಇವಳ ಹೆಸರಿನಲ್ಲಿದೆ. ಕಂತು 2,840 ರೂಪಾಯಿ, ತಿಂಗಳ 5ನೇ ತಾರೀಖು ಆಟೋ ಡೆಬಿಟ್. ಆ ದಿನ ಖಾತೆಯಲ್ಲಿದ್ದದ್ದು 2,791. ಕೊರತೆ 49 ರೂಪಾಯಿ. ಕಂತು ವಾಪಸ್ ಹೋಯಿತು. ಬೆನ್ನಿಗೇ 500 ರೂಪಾಯಿ ಚಾರ್ಜು, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 590 ಕಟ್. ಉಳಿದದ್ದು 2,201.

ಇವಳಿಗೆ ಫೈನಾನ್ಸ್ ಕಂಪನಿಯಿಂದ ಫೋನ್ ಬಂತು, 49 ರೂಪಾಯಿ ಕಡಿಮೆ ಬಿದ್ದಿದೆ ಎಂದು ಗೊತ್ತಾಯಿತು. ಮಾರನೇ ದಿನವೇ ಪಕ್ಕದ ಮನೆಯವರ ಹತ್ತಿರ ಕೈಗಡ ತಂದು 100 ರೂಪಾಯಿ ಹಾಕಿದಳು. ಲೆಕ್ಕ ಸರಿಹೋಯಿತು ಅಂದುಕೊಂಡಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. 10ನೇ ತಾರೀಖು ಕಂಪನಿ ಅದೇ ಕಂತನ್ನು ಮತ್ತೆ ಕಳಿಸಿತು. ಖಾತೆಯಲ್ಲಿ 2,301. ಈಗ ಕೊರತೆ 49 ಅಲ್ಲ, 539. ಮತ್ತೆ ಬೌನ್ಸ್, ಮತ್ತೆ 590. ಉಳಿದದ್ದು 1,711. ಕಂತು ಕಟ್ಟಿಲ್ಲ, ಸಾಲ ಒಂದು ಪೈಸೆ ಇಳಿದಿಲ್ಲ, ಖಾತೆಯಿಂದ ಮಾತ್ರ 1,180 ಹೋಗಿದೆ. ಇದು ಅವಳ ಬ್ಯಾಂಕಿನ ಪಾಲು ಮಾತ್ರ. ಸಾಲ ಕೊಟ್ಟ ಕಂಪನಿಯ ಬೌನ್ಸ್ ಚಾರ್ಜು ಬೇರೆ, ತಡವಾದದ್ದಕ್ಕೆ ದಂಡ ಬೇರೆ.

ಗವರ್ನರ್ ಅವರೇ, ಎರಡನೇ ಬೌನ್ಸ್ ಅನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಮೊದಲನೆಯದಕ್ಕೆ ಅವಳೇ ಹೊಣೆ ಅನ್ನೋಣ. ಎರಡನೆಯದಕ್ಕೆ ಹೊಣೆ ಯಾರು? ಬ್ಯಾಂಕು 590 ಕಿತ್ತುಕೊಳ್ಳದೇ ಹೋಗಿದ್ದರೆ, ಅವಳು ಹಾಕಿದ ನೂರು ರೂಪಾಯಿಗೆ 10ನೇ ತಾರೀಖು ಕಂತು ಪಾಸಾಗುತ್ತಿತ್ತು, ಮೇಲೆ 51 ರೂಪಾಯಿ ಉಳಿಯುತ್ತಿತ್ತು. ದಂಡವೇ ಮುಂದಿನ ತಪ್ಪನ್ನು ಮಾಡಿಸಿತು, ಆ ತಪ್ಪಿಗೆ ಮತ್ತೆ ದಂಡ ಬಿತ್ತು.

ಇದನ್ನು ನಾನು ಯಾವುದೋ ಒಂದು ಬ್ಯಾಂಕಿನ ಮೇಲಿನ ದೂರು ಎಂದು ಬರೆಯುತ್ತಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ದರ ಬೇರೆ, ಸಾಮಾನ್ಯವಾಗಿ 250ರಿಂದ 500 ರೂಪಾಯಿ, ಮೇಲೆ ಜಿಎಸ್‌ಟಿ. ಕ್ರಮ ಎಲ್ಲ ಕಡೆಯೂ ಒಂದೇ.

ಚೆಕ್ಕಿನ ಕಾಲದಲ್ಲೂ ಬೌನ್ಸ್ ಚಾರ್ಜು ಇತ್ತು, ನಾನೇ ಹಾಕಿದ್ದೇನೆ. ಆಗ ಅದರ ಹಿಂದೆ ಒಂದಿಷ್ಟು ಕೆಲಸವಿತ್ತು. ಕ್ಲಿಯರಿಂಗ್‌ನಿಂದ ಚೆಕ್ ಬರಬೇಕು, ಲೆಡ್ಜರ್ ತೆಗೆದು ನೋಡಬೇಕು, ಸಹಿ ಹೋಲಿಸಬೇಕು, ಕಾರಣ ಬರೆದು ಮೆಮೋ ಲಗತ್ತಿಸಿ ವಾಪಸ್ ಕಳಿಸಬೇಕು. ಅದಕ್ಕೂ ಮೊದಲು ಇನ್ನೊಂದು ಕೆಲಸ ಮಾಡುತ್ತಿದ್ದೆವು. ಪಾರ್ಟಿ ಗುರುತಿನವರಾದರೆ ಅಟೆಂಡರ್ ಹತ್ತಿರ ಹೇಳಿ ಕಳಿಸುತ್ತಿದ್ದೆವು: 'ನಿಮ್ಮ ಚೆಕ್ ಬಂದಿದೆ, ಮುನ್ನೂರು ಕಡಿಮೆ ಇದೆ, ಮಧ್ಯಾಹ್ನದೊಳಗೆ ಕಟ್ಟಿಬಿಡಿ.' ಬಹುಪಾಲು ಮಂದಿ ಓಡಿ ಬಂದು ಕಟ್ಟುತ್ತಿದ್ದರು. ಇದು ಯಾವ ರೂಲ್ ಪುಸ್ತಕದಲ್ಲೂ ಇರಲಿಲ್ಲ.

ಇವತ್ತು ಕಂತು, ಸಂಬಳ ಎಲ್ಲ ಬ್ಯಾಂಕಿನಿಂದ ಬ್ಯಾಂಕಿಗೆ ತಾನಾಗಿ ಸಾಗುವ ನ್ಯಾಚ್ (NACH) ವ್ಯವಸ್ಥೆಯಲ್ಲಿ ಮನುಷ್ಯರ ಕೈ ತಾಗುವುದೇ ಇಲ್ಲ. ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ಮೂಲಕ ಫೈಲು ಬರುತ್ತದೆ, ಕಂಪ್ಯೂಟರ್ ಬ್ಯಾಲೆನ್ಸ್ ನೋಡುತ್ತದೆ, ಸಾಲದಿದ್ದರೆ ಒಂದು ಕೋಡ್ ಹಾಕಿ ವಾಪಸ್ ಕಳಿಸುತ್ತದೆ, ಚಾರ್ಜನ್ನೂ ಅದೇ ಹಾಕಿಕೊಳ್ಳುತ್ತದೆ. ಚೆಕ್ ಕಾಲದ ಖರ್ಚು ಹೋಯಿತು, ದಂಡ ಉಳಿಯಿತು, ಹೇಳಿ ಕಳಿಸುವ ಅಟೆಂಡರೂ ಇಲ್ಲ. 2021ರ ಆಗಸ್ಟ್ 1ರಿಂದ ನ್ಯಾಚ್ ಭಾನುವಾರ, ಹಬ್ಬದ ದಿನಗಳಲ್ಲೂ ನಡೆಯುವಂತೆ ರಿಸರ್ವ್ ಬ್ಯಾಂಕ್ ಮಾಡಿತು. ಪಿಂಚಣಿ, ಸಂಬಳ ರಜಾದಿನವೂ ಖಾತೆಗೆ ಬೀಳಲೆಂದು ಮಾಡಿದ್ದು, ಒಳ್ಳೆಯದೇ ಆಯಿತು. ಕಂತೂ ಆ ದಿನವೇ ಕಟ್ ಆಗುತ್ತದೆ ಅನ್ನುವುದು ಇನ್ನೊಂದು ಮುಖ. ಬ್ಯಾಂಕಿನ ಬಾಗಿಲು ಹಾಕಿದ ದಿನ, ಕೈಯಲ್ಲಿ ನಗದು ಇದ್ದರೂ ಹಳ್ಳಿಯವರು ಎಲ್ಲಿಗೆ ಹೋಗಿ ಕಟ್ಟಬೇಕು?

ತಾರೀಖಿನ ವಿಷಯವೂ ಇದೆ. ಗಾರ್ಮೆಂಟ್ಸ್‌ಗೆ ಹೋಗುವ ಎಷ್ಟೋ ಮಂದಿಗೆ ಸಂಬಳ ಬರುವುದು 7ಕ್ಕೆ, ಕಂತು 5ಕ್ಕೆ. ಹಳೆಯ ವೇತನ ಪಾವತಿ ಕಾಯ್ದೆ ಸಾವಿರ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ 10ನೇ ತಾರೀಖಿನವರೆಗೂ ಸಮಯ ಕೊಟ್ಟಿತ್ತು, ಉಳಿದವರಿಗೆ 7. ಹೊಸ ವೇತನ ಸಂಹಿತೆಯಲ್ಲೂ ತಿಂಗಳ ಸಂಬಳಕ್ಕೆ 7ರ ಗಡುವೇ ಇದೆ. ಅಂದರೆ ಮಾಲೀಕ ಕಾನೂನು ಪಾಲಿಸಿ 7ಕ್ಕೆ ಸಂಬಳ ಕೊಟ್ಟರೂ ಕೆಲಸಗಾರಳ ಕಂತು ಬೌನ್ಸ್ ಆಗಬಹುದು. ಮ್ಯಾಂಡೇಟ್‌ಗೆ, ಅಂದರೆ ಕಂತು ಕಟ್ ಮಾಡಲು ಕೊಡುವ ಒಪ್ಪಿಗೆ ಪತ್ರಕ್ಕೆ, ಸಹಿ ಹಾಕಿಸಿಕೊಳ್ಳುವಾಗ 'ಸಂಬಳ ಎಂದು ಬರುತ್ತದಮ್ಮಾ?' ಎಂದು ಶೋರೂಮಿನಲ್ಲಿ ಯಾರೂ ಕೇಳುವುದಿಲ್ಲ. ಕಂಪನಿಗೆ ಅನುಕೂಲವಾದ ತಾರೀಖು ಮೊದಲೇ ಅಚ್ಚಾಗಿರುತ್ತದೆ.

ಅಮೆರಿಕದ ಚೆಕಿಂಗ್ ಖಾತೆಗಳ ಓವರ್‌ಡ್ರಾಫ್ಟ್ ಫೀಸು ಕುಖ್ಯಾತವಾದದ್ದು. ಅಲ್ಲಿ ಓದಲು ಹೋದ ನಮ್ಮ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಅದರ ರುಚಿ ನೋಡಿರುತ್ತಾರೆ. ಖಾತೆಯಲ್ಲಿ ದುಡ್ಡಿಲ್ಲದೆ ಕಾರ್ಡ್ ಉಜ್ಜಿದರೆ ಬ್ಯಾಂಕು ತಾನು ಕೊಟ್ಟು, ಸುಮಾರು 35 ಡಾಲರ್ ಫೀಸು ಹಾಕುವುದು ಬಹುಕಾಲ ಅಲ್ಲಿನ ರೂಢಿ. ಕೆಲವು ಬ್ಯಾಂಕುಗಳು ದಿನದ ವಹಿವಾಟುಗಳಲ್ಲಿ ದೊಡ್ಡ ಮೊತ್ತವನ್ನು ಮೊದಲು ಕಳೆದು, ಸಣ್ಣ ಸಣ್ಣವು ಸಾಲಾಗಿ ಓವರ್‌ಡ್ರಾಫ್ಟ್ ಆಗುವ ಹಾಗೆ ಜೋಡಿಸುತ್ತಿದ್ದವು. ಒಂದು ಫೀಸು ಬೀಳಬೇಕಾದಲ್ಲಿ ನಾಲ್ಕೈದು ಬೀಳುತ್ತಿದ್ದವು. ಇದಕ್ಕಾಗಿ 2010ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ವೆಲ್ಸ್ ಫಾರ್ಗೋ ಬ್ಯಾಂಕಿಗೆ ಗ್ರಾಹಕರ 20 ಕೋಟಿಗೂ ಹೆಚ್ಚು ಡಾಲರ್ ಹಿಂದಿರುಗಿಸಲು ಹೇಳಿತು. ಅದೇ ವರ್ಷದಿಂದ ಎಟಿಎಂ, ಡೆಬಿಟ್ ಕಾರ್ಡ್ ವಹಿವಾಟಿಗೆ ಗ್ರಾಹಕ ಮುಂಚೆಯೇ ಒಪ್ಪಿಗೆ ಕೊಡದೆ ಈ ಫೀಸು ಹಾಕಬಾರದೆಂಬ ನಿಯಮ ಬಂತು. 2024ರ ಡಿಸೆಂಬರಿನಲ್ಲಿ ದೊಡ್ಡ ಬ್ಯಾಂಕುಗಳ ಫೀಸನ್ನು 5 ಡಾಲರಿಗೆ ಇಳಿಸುವ ನಿಯಮವನ್ನು ಗ್ರಾಹಕ ರಕ್ಷಣಾ ಸಂಸ್ಥೆ ಹೊರಡಿಸಿತು. ಜಾರಿಗೆ ಬರುವ ಮೊದಲೇ, 2025ರ ಮೇ ತಿಂಗಳಲ್ಲಿ, ಅಲ್ಲಿನ ಸಂಸತ್ತು ಮತ್ತು ಅಧ್ಯಕ್ಷರು ಸೇರಿ ಅದನ್ನು ರದ್ದು ಮಾಡಿದರು. ಬ್ರಿಟನ್ 2020ರಿಂದ ಇಂಥ ನಿಗದಿತ ಫೀಸನ್ನೇ ತೆಗೆದು, ಬಳಸಿದ ದುಡ್ಡಿಗೆ ಬಡ್ಡಿ ಮಾತ್ರ ಅಂದಿತು. ಬಡ್ಡಿ ದುಬಾರಿಯೇ, ಆದರೂ 49 ಪೌಂಡಿಗೆ 49 ಪೌಂಡಿನ ಬಡ್ಡಿಯಷ್ಟೇ.

ಅಮೆರಿಕದ ಬ್ಯಾಂಕನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಆದರೆ ಅದು ಓವರ್‌ಡ್ರಾಫ್ಟ್ ಫೀಸು ಹಾಕುವಾಗ ಗ್ರಾಹಕನ ಪರವಾಗಿ ದುಡ್ಡನ್ನಾದರೂ ಕೊಟ್ಟಿರುತ್ತದೆ. ನಮ್ಮದು ಕೊಡುವುದಿಲ್ಲ ಎಂದು ಹೇಳಿಯೇ ಫೀಸು ಹಾಕುತ್ತದೆ. ಬಸ್ಸಿಗೆ ಹತ್ತಿಸಿಕೊಳ್ಳದೆ ಟಿಕೆಟ್ ಹರಿದು ಕೈಗೆ ಕೊಟ್ಟ ಹಾಗೆ.

ಹಾಗಾದರೆ ನಮ್ಮಲ್ಲಿ ಓವರ್‌ಡ್ರಾಫ್ಟ್ ಇಲ್ಲವೇ? ಇದೆ, ಯಾರಿಗೆ ಅನ್ನುವುದು ಪ್ರಶ್ನೆ. ಪೇಟೆಯ ಮಂಡಿ ವ್ಯಾಪಾರಿಗೆ ಆಸ್ತಿಯ ಮೇಲೆ ಓಡಿ (ಓವರ್‌ಡ್ರಾಫ್ಟ್) ಲಿಮಿಟ್ ಇರುತ್ತದೆ. ಎಷ್ಟು ಬಳಸಿದನೋ ಅಷ್ಟಕ್ಕೆ, ಎಷ್ಟು ದಿನ ಬಳಸಿದನೋ ಅಷ್ಟು ದಿನಕ್ಕೆ ಬಡ್ಡಿ. ಲಿಮಿಟ್ ದಾಟಿ ಚೆಕ್ ಬಂದರೂ ಒಂದು ಫೋನ್ ಮಾಡಿದರೆ ಸಾಕು, ಮ್ಯಾನೇಜರ್ ತಮ್ಮ ಅಧಿಕಾರದಲ್ಲಿ ತಾತ್ಕಾಲಿಕ ಓಡಿ ಕೊಟ್ಟು ಪಾಸ್ ಮಾಡುತ್ತಾರೆ. ಟಿಓಡಿ ರಿಜಿಸ್ಟರಿನಲ್ಲಿ ನಾನೇ ಎಷ್ಟೋ ಬರೆದಿದ್ದೇನೆ. ಅದೇ ನ್ಯಾಯ ಆ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ಸಿಕ್ಕಿದ್ದರೆ ಲೆಕ್ಕ ಹೀಗಿರುತ್ತಿತ್ತು: 49 ರೂಪಾಯಿಗೆ ವರ್ಷಕ್ಕೆ 18%ರಂತೆ 5 ದಿನದ ಬಡ್ಡಿ, 12 ಪೈಸೆ. ಅವಳು ಕೊಟ್ಟದ್ದು 1,180 ರೂಪಾಯಿ. ಬಡವರಿಗೆ ಸಣ್ಣ ಓಡಿ ಕೊಡಲಾಗದು ಎಂದು ಯಾರೂ ಹೇಳುವ ಹಾಗಿಲ್ಲ. ಜನಧನ್ ಖಾತೆಗೆ 10,000 ರೂಪಾಯಿವರೆಗೆ, ಅದರಲ್ಲಿ 2,000ದವರೆಗೆ ಷರತ್ತಿಲ್ಲದೆ ಓಡಿ ಕೊಡಬಹುದೆಂದು 2018ರಿಂದ ಸರ್ಕಾರದ ಆದೇಶವೇ ಇದೆ. ಕೌಂಟರಿನಲ್ಲಿ ಕೇಳಿ ಪಡೆದವರನ್ನು ನಮ್ಮೂರಿನಲ್ಲಿ ನಾನಂತೂ ಕಂಡಿಲ್ಲ.

ತಮ್ಮ ಸಂಸ್ಥೆಗೆ ಈ ಅನ್ಯಾಯ ಗೊತ್ತಿಲ್ಲ ಎಂದು ನಾನು ಹೇಳಲಾರೆ. 2014ರ ನವೆಂಬರ್ 20ರ ಸುತ್ತೋಲೆಯನ್ನು ನಾನು ಸರ್ವೀಸಿನಲ್ಲಿದ್ದಾಗಲೇ ಓದಿದವನು. ಮಿನಿಮಮ್ ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಗ್ರಾಹಕನಿಗೆ ತಿಳಿಸಿ, ಸರಿಮಾಡಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಿ, ದಂಡ ಹಾಕಿದರೂ ಕೊರತೆ ಎಷ್ಟೋ ಅದರ ಅನುಪಾತದಲ್ಲಿ ಹಾಕಿ, ಸೇವೆಗೆ ತಗಲುವ ಸರಾಸರಿ ವೆಚ್ಚವನ್ನು ಮೀರದಿರಲಿ, ಆ ದಂಡ ಒಂದರಿಂದಲೇ ಖಾತೆ ಮೈನಸ್‌ಗೆ ಹೋಗಬಾರದು. ಇಷ್ಟು ಮಾತುಗಳು ಅದರಲ್ಲಿವೆ. 2023ರ ಆಗಸ್ಟ್ 18ರಂದು ಸಾಲಗಳ ದಂಡ ಶುಲ್ಕದ ಬಗ್ಗೆ ಇನ್ನೊಂದು ಸುತ್ತೋಲೆ ಬಂತು. ದಂಡದ ಉದ್ದೇಶ ಸಾಲಗಾರನಲ್ಲಿ ಶಿಸ್ತು ಮೂಡಿಸುವುದು, ಬ್ಯಾಂಕು ಆದಾಯ ಹೆಚ್ಚಿಸಿಕೊಳ್ಳುವ ದಾರಿ ಅದಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿದ್ದೀರಿ.

ಎರಡೂ ಒಳ್ಳೆಯ ಸುತ್ತೋಲೆಗಳು. ಆದರೆ ಬೌನ್ಸ್ ಚಾರ್ಜು ಎರಡರ ಕೈಗೂ ಸಿಗದೆ ನಡುವೆ ನುಸುಳಿಕೊಂಡಿದೆ. ಅದು ಮಿನಿಮಮ್ ಬ್ಯಾಲೆನ್ಸ್ ದಂಡವಲ್ಲ, ಹಾಗಾಗಿ ತಿಂಗಳ ನೋಟಿಸೂ ಇಲ್ಲ, ಅನುಪಾತವೂ ಇಲ್ಲ. ಗ್ರಾಹಕನ ಬ್ಯಾಂಕು ಹಾಕುವ ಚಾರ್ಜು ಸಾಲದ ಖಾತೆಯ ದಂಡವೂ ಅಲ್ಲ. ಕೊರತೆ 49 ಆದರೂ ಅದೇ 590, ನಾಲ್ಕು ಸಾವಿರ ಆದರೂ ಅದೇ 590. 'ನಮ್ಮ ಷೆಡ್ಯೂಲ್ ಆಫ್ ಚಾರ್ಜಸ್ ವೆಬ್‌ಸೈಟಿನಲ್ಲಿದೆ' ಎಂದುಬಿಟ್ಟರೆ ಬ್ಯಾಂಕಿನ ಕೆಲಸ ಮುಗಿಯಿತು. ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟರೂ, ಚಾರ್ಜು ಪಟ್ಟಿಯಲ್ಲಿದ್ದ ಪ್ರಕಾರವೇ ಬಿದ್ದಿದೆ ಎಂದಾದ ಮೇಲೆ ಗ್ರಾಹಕ ವಾದಿಸುವುದಾದರೂ ಏನನ್ನು?

ಬ್ಯಾಂಕಿನ ನನ್ನ ಹಳೆಯ ಗೆಳೆಯರು ಹೇಳುವ ಮಾತು ಒಂದೇ: ಚಾರ್ಜು ತೆಗೆದರೆ ಜನ ಬೇಕೆಂತಲೇ ಖಾತೆ ಖಾಲಿ ಇಡುತ್ತಾರೆ. ಹಾಗೆ ಮಾಡುವವರು ಇಲ್ಲವೆಂದಲ್ಲ. ಆದರೆ ಅವರಿಗೆ ಬೇರೆ ಭಯ ಕಡಿಮೆ ಇದೆಯೇ? ಚೆಕ್ ಬೌನ್ಸಿಗೆ 138ನೇ ಕಲಂ ಇರುವಂತೆಯೇ ಆಟೋ ಡೆಬಿಟ್ ಬೌನ್ಸಿಗೂ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಇದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ವಸೂಲಿಯವರು ವಾಟ್ಸ್ಯಾಪ್‌ನಲ್ಲಿ ಅದನ್ನೇ ಕಳಿಸಿ ಹೆದರಿಸುತ್ತಾರೆ. ಸಾಲ ಕೊಟ್ಟವರು ದಂಡ ಹಾಕುತ್ತಾರೆ, ಸಿಬಿಲ್ ಸ್ಕೋರ್ ಕೆಡುತ್ತದೆ. ಇಷ್ಟಕ್ಕೂ ಬಾರದ ಶಿಸ್ತು, ಸಾಲಕ್ಕೆ ಸಂಬಂಧವೇ ಇಲ್ಲದ ಗ್ರಾಹಕನ ಬ್ಯಾಂಕು 590 ಕಸಿದರೆ ಬರುತ್ತದೆಯೇ? ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕು 2025ರ ಜೂನ್‌ನಿಂದ ಉಳಿತಾಯ ಖಾತೆಯ ಮಿನಿಮಮ್ ಬ್ಯಾಲೆನ್ಸ್ ದಂಡವನ್ನೇ ಕೈಬಿಟ್ಟಿತು. ಸ್ಟೇಟ್ ಬ್ಯಾಂಕ್ 2020ರಲ್ಲೇ ಬಿಟ್ಟಿತ್ತು. ಅದರಿಂದ ಯಾವ ಬ್ಯಾಂಕೂ ಮುಳುಗಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಪಾಸ್‌ಬುಕ್ಕಿನ ಒಂದೇ ಸಾಲು. ಖಾತೆ ಖಾಲಿ ಇತ್ತು, ಎರಡು ಬೌನ್ಸಿನ ಚಾರ್ಜು ಬಾಕಿ ನಿಂತಿತ್ತು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಕಂಪ್ಯೂಟರ್ ಅದನ್ನು ಮರೆಯುವುದಿಲ್ಲ, ಹೋಲ್ಡ್ ಇಟ್ಟು ಕಾಯುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಿತ್ತು. ಆ ಅಮ್ಮ ಎಟಿಎಂಗೆ ಹೋಗಿ ನೋಡಿದರೆ 820. 'ಸರ್ಕಾರದವರೇ ಕಡಿಮೆ ಹಾಕಿದ್ದಾರೆ ಕಣಪ್ಪಾ' ಎಂದು ನನ್ನ ಹತ್ತಿರ ಬಂದು ಅಂಗನವಾಡಿ ಟೀಚರನ್ನು ಬೈದರು. ಸುಮ್ಮನೆ ಬೈಸಿಕೊಂಡ ಆ ಟೀಚರಿಗೂ ಇದಕ್ಕೂ ಏನು ಸಂಬಂಧ? ವೃದ್ಧಾಪ್ಯ ವೇತನ, ಉದ್ಯೋಗ ಖಾತ್ರಿಯ ಕೂಲಿ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲದರ ಗತಿಯೂ ಹೀಗೇ. ಸರ್ಕಾರದ ನೇರ ನಗದು ಬರುವ ಖಾತೆಗಳು ಸೊನ್ನೆ ಬ್ಯಾಲೆನ್ಸ್‌ನಲ್ಲಿ ನಿಂತರೂ ನಿಷ್ಕ್ರಿಯವಾಗದಂತೆ ಅವನ್ನು ಕಂಪ್ಯೂಟರಿನಲ್ಲಿ ಬೇರೆಯಾಗಿ ಗುರುತಿಸಿಡಿ ಎಂದು 2024ರ ಜನವರಿ 1ರ ಸುತ್ತೋಲೆಯಲ್ಲಿ ತಾವೇ ಹೇಳಿದ್ದೀರಿ. ಅಂದಮೇಲೆ ಯಾವ ಖಾತೆಗೆ ಅಂಥ ದುಡ್ಡು ಬರುತ್ತದೆಂದು ಬ್ಯಾಂಕಿಗೆ ಗೊತ್ತಿದೆ. ಅದರಿಂದ ಬೌನ್ಸ್ ಚಾರ್ಜು ಮುರಿದುಕೊಳ್ಳಬೇಡಿ ಎನ್ನಲು ಇನ್ನೊಂದು ಸಾಲು ಸೇರಿಸಿದರೆ ಆಯಿತು.

ನಾನು ಕೇಳುತ್ತಿರುವುದು ಸಾಲಮನ್ನಾ ಅಲ್ಲ, ಬಿಟ್ಟಿ ಸೇವೆಯೂ ಅಲ್ಲ. 2014ರ ಸುತ್ತೋಲೆಯ ಮಾತುಗಳನ್ನೇ ಬೌನ್ಸ್ ಚಾರ್ಜಿಗೂ ಅನ್ವಯಿಸಿ. ಕೊರತೆಯ ಇಂತಿಷ್ಟು ಪಾಲು ಎಂದು ದಂಡವಿರಲಿ, ಅದಕ್ಕೊಂದು ಮೇಲ್ಮಿತಿ ಇರಲಿ. ಒಂದು ತಿಂಗಳ ಒಂದು ಕಂತನ್ನು ಕಂಪನಿ ಎಷ್ಟು ಸಲ ಕಳಿಸಿದರೂ ಚಾರ್ಜು ಒಂದೇ ಸಲ ಬೀಳಲಿ. ಈ ಒಂದು ಬದಲಾವಣೆಗೇ ಅರ್ಧ ಸಂಕಟ ಕಳೆಯುತ್ತದೆ, ಏಕೆಂದರೆ ಕೆಲವು ಆ್ಯಪ್ ಸಾಲದವರು ಬಂದಷ್ಟು ಬರಲಿ ಎಂದು ವಾರದಲ್ಲಿ ಮೂರು ಮೂರು ಸಲ ಕಳಿಸುತ್ತಾರೆ, ಒಂದೊಂದು ಸಲಕ್ಕೂ ಪೆಟ್ಟು ಗ್ರಾಹಕನಿಗೆ. ಯುಪಿಐ ಆಟೋಪೇ ಮತ್ತು ಕಾರ್ಡ್ ಮ್ಯಾಂಡೇಟುಗಳಿಗೆ 24 ಗಂಟೆ ಮುಂಚೆ ತಿಳಿಸಬೇಕೆಂಬ ನಿಯಮ 2021ರಿಂದಲೇ ಇದೆ. ಓಟಿಟಿ ಚಂದಾಕ್ಕೆ ಸಿಗುವ ಈ ಮುನ್ಸೂಚನೆ ನ್ಯಾಚ್ ಮೂಲಕ ಹೋಗುವ ಸಾಲದ ಕಂತಿಗೂ ಬರಲಿ, ಗ್ರಾಹಕ ಆರಿಸಿಕೊಂಡ ಭಾಷೆಯಲ್ಲಿ ಬರಲಿ, 'ನಾಳೆ 2,840 ಕಟ್ ಆಗಲಿದೆ, ನಿಮ್ಮ ಖಾತೆಯಲ್ಲಿ 49 ಕಡಿಮೆ ಇದೆ' ಎಂದು ಲೆಕ್ಕ ಸಮೇತ ಬರಲಿ. ಬಂದ ಮೇಲೂ ಹಾಕದಿದ್ದರೆ ದಂಡ ಹಾಕಿ, ಯಾರೂ ಬೇಡ ಅನ್ನುವುದಿಲ್ಲ. ಸಂಬಳದ ತಾರೀಖಿಗೆ ಹೊಂದುವ ಕಂತಿನ ತಾರೀಖು ಕೇಳುವ ಹಕ್ಕು ಸಾಲಗಾರನಿಗೆ ಇರಲಿ.

ಇನ್ನೊಂದು ಬೇಡಿಕೆ ಲೆಕ್ಕದ್ದು. 2023ರ ಆಗಸ್ಟಿನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಂತೆ, 2018ರಿಂದ ಅಲ್ಲಿಯವರೆಗೆ ಸರ್ಕಾರಿ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಸೇರಿ ಮಿನಿಮಮ್ ಬ್ಯಾಲೆನ್ಸ್ ದಂಡವೆಂದು 21,000 ಕೋಟಿಗೂ ಹೆಚ್ಚು, ಹೆಚ್ಚುವರಿ ಎಟಿಎಂ ಬಳಕೆಗೆ 8,000 ಕೋಟಿಗೂ ಹೆಚ್ಚು, ಎಸ್‌ಎಂಎಸ್‌ಗೆ 6,000 ಕೋಟಿಗೂ ಹೆಚ್ಚು ವಸೂಲು ಮಾಡಿದ್ದವು. ಆ ಲೆಕ್ಕ ಹೊರಬಿದ್ದು ಜನ ಮಾತಾಡಿದ ಮೇಲೆ ಇನ್ನೂ ಹಲವು ಸರ್ಕಾರಿ ಬ್ಯಾಂಕುಗಳು ಒಂದರ ಹಿಂದೊಂದು ಮಿನಿಮಮ್ ಬ್ಯಾಲೆನ್ಸ್ ದಂಡ ಬಿಟ್ಟದ್ದನ್ನು ನಾವು ನೋಡಿದ್ದೇವೆ. ಬೌನ್ಸ್ ಚಾರ್ಜು ಆ ಉತ್ತರದಲ್ಲಿ ಇರಲಿಲ್ಲ. ಪ್ರತಿ ಬ್ಯಾಂಕೂ ವರ್ಷಕ್ಕೊಮ್ಮೆ ಎಷ್ಟು ಕಂತು ವಾಪಸ್ ಕಳಿಸಿತು, ಅದಕ್ಕೆ ಎಷ್ಟು ಚಾರ್ಜು ಹಾಕಿತು, ಅದರಲ್ಲಿ ಎಷ್ಟು ಒಂದೇ ಕಂತಿನ ಎರಡನೇ ಮೂರನೇ ಸಲದ್ದು, ಎಷ್ಟು ಸರ್ಕಾರಿ ಸಹಾಯಧನದಿಂದ ಮುರಿದದ್ದು ಎಂದು ಪ್ರಕಟಿಸುವಂತೆ ಆದೇಶ ಮಾಡಿ. ಅಂಕಿ ಅಂಶ ಬ್ಯಾಂಕಿನ ಕಂಪ್ಯೂಟರಿನಲ್ಲೇ ಇದೆ, ಒಂದು ರಿಪೋರ್ಟ್ ತೆಗೆಯುವ ಕೆಲಸ. ಚಾರ್ಜು ಹಾಕುವುದನ್ನು ತಕ್ಷಣ ನಿಲ್ಲಿಸಲಾಗದಿದ್ದರೂ ಇದನ್ನು ಈ ವರ್ಷವೇ ಮಾಡಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ತುಮಕೂರು ಜಿಲ್ಲೆ